ಸಿಗ್ನಲ್‌ಗೆ ಅಡ್ಡ ಬಂದ ಗರಿ

ಜೂನ್ 28, ಶನಿವಾರ. ಬೆಳಿಗ್ಗೆ 6

ಮತ್ತೆ ಸೂರಿನ ಮೇಲೆ. ಡಿಶ್ ಅರ್ಧ ಬೆರಳು ಎಡಕ್ಕೆ, ಇನ್ನೊಂಚೂರು... ಹಿಡಿಯಿತು. ಸಿಗ್ನಲ್ ಫುಲ್. ಕುಣಿಯುವುದೊಂದು ಬಾಕಿ.

ಬಿಳಿಗೆರೆ ಡೈರಿಗೆ ಇಂಟರ್ನೆಟ್ ಫೈಬರ್ ಬಂದಿದೆ, ನಮ್ಮ ತೋಟದ ಮನೆಗಿಲ್ಲ. ಅಲ್ಲೊಂದು ಡಿಶ್, ಇಲ್ಲೊಂದು. ನಡುವೆ ಒಂದು ಕಿಲೋಮೀಟರ್, ವೈರೇ ಇಲ್ಲ.

ಗುರುವಾರ ಅತ್ತೆಯ ಕೊಬ್ಬರಿ ಆನ್‌ಲೈನ್ ಹರಾಜಿಗೆ, ಲೈವ್. ಊರಲ್ಲೇ ಮೊದಲು. ವಿಡಿಯೊ ಎರಡು ನಿಮಿಷ ನಿಂತರೆ ಲಾಟ್ ರದ್ದು. ಮಾಮೂಲಿ ವ್ಯಾಪಾರಿಗೆ ಕೊಡಲ್ಲ ಎಂದು ಅತ್ತೆ ಆಗಲೇ ಹೇಳಿಯಾಗಿದೆ. "ನಿನ್ನ ನಂಬ್ಕಂಡ್ ಅಂದಿದೀನಿ ಕಣೇ ಭಾನು."

ಜೂನ್ 29. ಮಧ್ಯಾಹ್ನ

ಆಷಾಢದ ಗಾಳಿ ಎದ್ದಿತು. ಸಿಗ್ನಲ್ ಬರುತ್ತದೆ, ಹೋಗುತ್ತದೆ. ಪಕ್ಕದ ತೋಟದ ಮಾಯಣ್ಣನ ಎಳೇ ಮರ — ಅದರ ಗರಿ ತೂಗಿದಾಗಲೆಲ್ಲ ಡಿಶ್‌ಗೆ ಅಡ್ಡ. ನಾನು ಟೆಸ್ಟ್ ಮಾಡಿದ್ದು ಎಲೆಯೂ ಅಲುಗದ ಮುಂಜಾನೆ. ತೆಂಗಿನ ತೋಟದಲ್ಲೇ ಹುಟ್ಟಿ ಬೆಳೆದು, ಗರಿ ತೂಗುತ್ತದೆ ಅನ್ನುವುದನ್ನೇ ಮರೆತೆ. ದಡ್ಡಿ.

ಜೂನ್ 30

ಗರಿ ಕಡಿಯಬಹುದೇ ಎಂದು ಕೇಳಿದೆ. ಮಾಯಣ್ಣ ಕೆರಳಿದರು.

"ಫಲ ಹಿಡಿದ್ ಮರದ ಹಸಿ ಗರಿ ಯಾರಾದ್ರೂ ಕಡೀತಾರೇನವ್ವಾ?"

ಹಾಗಾದರೆ ಗರಿ ಪಕ್ಕಕ್ಕೆಳೆದು ಕಟ್ಟಿಕೊಳ್ಳಲಾ ಅಂದೆ. ಮರಕ್ಕೊಂದು ಸುತ್ತು ಬಂದರು.

"ಗುರುವಾರ ಒಂದಿನ ಕಟ್ಕ. ಹೊಂಬಾಳೆ ಮುಟ್ಟಂಗಿಲ್ಲ. ನಿಮ್ ಇಂಟರ್ನೆಟ್ಟಿಗೆ ನನ್ ಮರ ಕೈ ಕಟ್ಕಂಡ್ ನಿಲ್ಬೇಕು, ನೋಡು."

ಜುಲೈ 3, ಗುರುವಾರ. 10:40

ತೆಂಗಿನ ಹಗ್ಗದಲ್ಲಿ ಗರಿ ಕಟ್ಟಿ ಬಂದೆ. ಅತ್ತೆ ಹೊಸ ಸೀರೆ ಉಟ್ಟು ಕ್ಯಾಮೆರಾ ಮುಂದೆ ಕೂತಿದ್ದಾರೆ.

11:10

ಲೈವ್! ಇಂದೋರಿನವರು, ದೆಹಲಿಯವರು ಬೆಲೆ ಕೂಗುತ್ತಿದ್ದಾರೆ. ಒಂದು ಕೊಬ್ಬರಿ ಗಿಟುಕು ಒಡೆದು ತೋರಿಸಿ ಎಂದು ಯಾರೋ ಬರೆದರು. ಅತ್ತೆ ಒಂದೇ ಏಟಿಗೆ ಒಡೆದರು. ಒಳಗೆ ಬೆಳ್ಳಗೆ. ದರ ಏರಿತು, ಮತ್ತೆ ಏರಿತು...

11:40

ನಡುವೆ ಜೋರು ಗಾಳಿ, ಹಗ್ಗ ಬಿಚ್ಚಿತು. ಚಿತ್ರ ನಿಂತಿತು. ನಲವತ್ತು ಸೆಕೆಂಡು... ಎಂಬತ್ತು... ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಸತ್ತೇ ಹೋದೆ ಅಂದುಕೊಂಡೆ.

ನೂರನೇ ಸೆಕೆಂಡಿಗೆ ಚಿತ್ರ ತಾನಾಗಿ ಬಂತು! ಕಿಟಕಿಯಲ್ಲಿ ಇಣುಕಿದರೆ ಮಾಯಣ್ಣ. ಕಾಯಿ ಕೀಳುವ ದೋಟಿಗೆ ಗರಿ ಸಿಕ್ಕಿಸಿ, ಪಕ್ಕಕ್ಕೆಳೆದು, ಕತ್ತೆತ್ತಿ ನಿಂತಿದ್ದಾರೆ.

"ನನ್ನೇನ್ ನೋಡ್ತೀಯವ್ವಾ, ನಿನ್ ಕೆಲ್ಸ ನೋಡು. ಬುಡು ಅನ್ನೋಗಂಟ ಬುಡಲ್ಲ."

ಹನ್ನೊಂದೂಕಾಲಿಗೆ ಹರಾಜು ಮುಗಿಯಿತು. ವ್ಯಾಪಾರಿ ಹೇಳಿದ್ದಕ್ಕಿಂತ ಎಷ್ಟೋ ಮೇಲೆ! ಅತ್ತೆ ನನ್ನ ಕೆನ್ನೆ ಹಿಂಡಿ ಅತ್ತರು, ನಾನೂ ಅತ್ತೆ. ಶಾವಿಗೆ ಪಾಯಸಕ್ಕಿಟ್ಟರು. ಎರಡು ಲೋಟ ಕುಡಿದೆ. ತಂಗಿಗೆ ಫೋನ್ ಮಾಡಿದೆ, ಅಮ್ಮನಿಗೆ ಮಾಡಿದೆ.

ಹೊರಗೆ ಯಾರೋ ಕೂಗುತ್ತಿದ್ದಾರೆ.

"ಭಾನೂ... ಇನ್ನೂ ಎಷ್ಟೊತ್ತವ್ವಾ? ಕತ್ತು ಹಿಡ್ಕತು..."

ಅಯ್ಯೋ. ಮಾಯಣ್ಣನಿಗೆ ಬಿಡಿ ಅಂತ ಯಾರೂ ಹೇಳ—