ಫ್ಯಾನಿನ ಮುಂದಿನ ಗೆರಸೆ

ಗೋರೆಗಾಂವ್,
ಶುಕ್ರವಾರ ಬೆಳಿಗ್ಗೆ

ಬಾಲ್ಕನಿಯಲ್ಲಿ ವಾಸವಾಗಿರುವ ಯಕ್ಷಿತಾಳ ಪಪ್ಪನಿಗೆ, ಅದೇ ಮನೆಯ ಅಡುಗೆಕೋಣೆಯಿಂದ ವಿನೋದಿನಿಯ ನಮಸ್ಕಾರ.

ನಾನು ಮಾತು ಬಿಟ್ಟಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಮಾತಾಡಿದರೂ ಆ ಟೇಬಲ್ ಫ್ಯಾನಿನ ಸದ್ದಿನಲ್ಲಿ ನಿಮಗೆ ಕೇಳಿಸುವುದಿಲ್ಲ. ಈ ಕಾಗದವನ್ನು ಫ್ಯಾನಿನ ಜಾಲರಿಗೇ ಸಿಕ್ಕಿಸಿಡುತ್ತೇನೆ. ಸ್ವಿಚ್ ಹಾಕುವ ಮೊದಲು ಓದಿ.

ನೀವು ಕಾಫಿ ಹುರಿಯುತ್ತಿದ್ದ ಪರೇಲಿನ ಹೋಟೆಲು ಮುಚ್ಚಿದ ಮೇಲೆ ಮನೆಯಲ್ಲಿ ಆರಾಮಾಗಿ ಇರುತ್ತೀರಿ ಅಂದುಕೊಂಡಿದ್ದೆ. ಎಲ್ಲಿಯ ಆರಾಮ! ಬೆಳಗಾದರೆ ಬಾಣಲೆ, ಕಾಫಿ ಬೀಜ, ಹೊಗೆ. ಹುರಿದರೆ ಹುರಿಯಿರಿ, ಅದರ ಬಿಸಿ ಆರಿಸುವ ರಂಪವೇ ನನ್ನ ಜೀವ ತಿನ್ನುವುದು. ಸುಡುವ ಬೀಜವನ್ನು ನನ್ನ ಅಮ್ಮ ಕೊಟ್ಟ ಬಿದಿರಿನ ಗೆರಸೆಗೇ ಸುರಿಯಬೇಕೇ? ಅದರ ತಳ ಕರಟಿಹೋಗಿದೆ. ಗಾಳಿಗೆ ಹಾರಿದ ಸಿಪ್ಪೆ ದೇವರ ದೀಪದಲ್ಲಿ, ದೋಸೆ ಹಿಟ್ಟಿನಲ್ಲಿ, ಕೆಳಗಿನ ಮನೆಯ ಹಿತೇಶ್ ಒಣಹಾಕಿದ ಬಿಳಿ ಅಂಗಿಯ ಮೇಲೆ. ಅವನು ಅಂಗಿ ಹಿಡಿದುಕೊಂಡೇ ಮೇಲೆ ಬಂದು, "ಆಂಟಿ, ಯೇ ಕ್ಯಾ ಹೈ?" ಅಂತ ಕೇಳಿದಾಗ ನೀವು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಿರಿ. ಉತ್ತರ ಕೊಟ್ಟವಳು ನಾನು.

ಇದನ್ನೆಲ್ಲ ಸಹಿಸಿಕೊಂಡೆ. ನಾನು ಮುನಿಸಿಕೊಂಡದ್ದು ಸಿಪ್ಪೆಗೆ ಅಂತ ನೀವು ಮಗಳಿಗೆ ಫೋನಿನಲ್ಲಿ ಹೇಳಿದ್ದು ಕೇಳಿಸಿತು. ಸಿಪ್ಪೆಗೆ ಅಲ್ಲ.

ಮಂಗಳವಾರ ನೀವು ಬೀಜವನ್ನು ಗೆರಸೆಗೆ ಸುರಿದು ಫ್ಯಾನ್ ಹಾಕುವಷ್ಟರಲ್ಲಿ ಸಾಂತಾಕ್ರೂಜಿನ ಹೊಸ ಹೋಟೆಲಿನ ಧಣಿಗಳ ಫೋನು ಬಂತು. ಭಾನುವಾರ ತಮ್ಮೆದುರು ಹುರಿದು ತೋರಿಸಿ, ಹದ ಸರಿಯಾಗಿದ್ದರೆ ಅಲ್ಲಿಯ ಕಾಫಿ ಕೆಲಸ ನಿಮಗೇ ಅಂದರಂತೆ. ನೀವು ಖುಷಿಯಲ್ಲಿ ಮಾತಾಡುತ್ತ ಒಳಗೆ ಹೋದಿರಿ. ಇತ್ತ ಪಾರಿವಾಳಗಳು ಬಾಲ್ಕನಿಗೆ ನುಗ್ಗಿದವು. ನಾನು ಬೀಜವನ್ನೆಲ್ಲ ಸ್ಟೀಲ್ ಪಾತ್ರೆಗೆ ಹಾಕಿ ಮುಚ್ಚಳ ಮುಚ್ಚಿಬಿಟ್ಟೆ. ಅನ್ನ, ಸಾರು ಮುಚ್ಚಿಟ್ಟು ರೂಢಿಯಾದ ಕೈ ನನ್ನದು. ಒಲೆಯಿಂದ ಇಳಿಸಿದ ಮೇಲೂ ಬೀಜ ತನ್ನ ಬಿಸಿಯಲ್ಲೇ ಹುರಿಯುತ್ತಿರುತ್ತದೆ, ಕೂಡಲೇ ಗಾಳಿಗೆ ಹರಡಬೇಕು ಎಂದು ನೀವು ನೂರು ಸಲ ಹೇಳಿದ್ದು ಆಗ ನೆನಪಾಗಲಿಲ್ಲ. ಮುಚ್ಚಳ ತೆಗೆದರೆ ಬೆವರಿ ಕರ್ರಗಾದ ಬೀಜ, ಸೀದ ನಾತ. ನನಗೆ ಕೆಮ್ಮೇ ಬಂತು.

ಬೈಸಿಕೊಳ್ಳಲು ತಯಾರಾಗಿ ನಿಂತೆ. ಪರೇಲಿನಲ್ಲಿ ಇದಕ್ಕಿಂತ ಕಮ್ಮಿ ಸೀದದ್ದಕ್ಕೆ ಇಡೀ ಬಾಣಲೆಯನ್ನು ಕಸಕ್ಕೆ ಚೆಲ್ಲಿದ ಮನುಷ್ಯ ನೀವು. ಆದರೆ ಅವತ್ತು ಕನ್ನಡಕ ಹಣೆಯ ಮೇಲೆ ಏರಿಸಿಕೊಂಡೇ ಬಂದು, ಒಂದು ಹಿಡಿ ಬೀಜ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಎಂತ ಪರಿಮಳ ಮಾರಾಯ್ತಿ, ಫಸ್ಟ್ ಕ್ಲಾಸ್!" ಅಂದಿರಿ.

ಹೋಟೆಲು ಮುಚ್ಚಿದ ಹೊಸತರಲ್ಲಿ ನಿಮ್ಮನ್ನು ಮಲಗಿಸಿತಲ್ಲ, ಆ ಜ್ವರ ಬಂದು ಹೋದ ಮೇಲೆ ನಿಮಗೆ ವಾಸನೆಯೇ ತಿಳಿಯುವುದಿಲ್ಲ, ಅಲ್ಲವೇ? ದಿನಾ ಬೀಜ ಹುರಿಯುವುದು ಕಾಫಿಗಲ್ಲ, ಪರಿಮಳ ಇವತ್ತಾದರೂ ಬಂತೋ ಎಂದು ನೋಡಲಿಕ್ಕೆ. ಇದೊಂದೂ ತಿಳಿಯದೆ ನಾನು ಸಿಪ್ಪೆ ಗುಡಿಸುತ್ತ ನಿಮ್ಮನ್ನು ಬೈಯುತ್ತಿದ್ದೆ. ಧಣಿಗಳಿಗೆ ಮುಚ್ಚಿಡಿ, ಮಗಳಿಗೂ ಮುಚ್ಚಿಡಿ. ನನಗೂ ಮುಚ್ಚಿಡುವುದೇ? ದಿನಾ ನಿಮ್ಮ ಲೋಟದಿಂದಲೇ ಅರ್ಧ ಕಾಫಿ ಕುಡಿಯುವವಳಿಗೆ? ಅಳುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಯಾವಾಗಲೂ ಸಿಟ್ಟೇ ಮೊದಲು ಬರುತ್ತದೆ, ಏನು ಮಾಡಲಿ.

ಭಾನುವಾರ ಅಷ್ಟು ಜನರೆದುರು ಸೀದ ಬೀಜ ಹಿಡಿದು ಫಸ್ಟ್ ಕ್ಲಾಸ್ ಅಂದರೆ ನಿಮ್ಮ ಮರ್ಯಾದೆ ಏನಾಗಬೇಕು? ಒಲೆ ಹಚ್ಚುವ ಮೊದಲೇ ಧಣಿಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ. ಬೇಡ ಅಂದರೆ ಲೋಕಲ್ ರೈಲು ಹತ್ತಿ ಮನೆಗೆ ಬನ್ನಿ. ಬೈಯಲಿಕ್ಕೆ ನಾನಿದ್ದೇನೆ, ಊಟವೂ ಇರುತ್ತದೆ.

ಇಂತಿ,
ಗುಡಿಸಿ ಗುಡಿಸಿ ಸೊಂಟ ಹೋದ ನಿಮ್ಮ
ವಿನೋದಿನಿ

ತಾ.ಕ.: ಹೇಳಲು ಬಾಯಿ ಬಾರದಿದ್ದರೆ ನನ್ನನ್ನೂ ಕರೆದುಕೊಂಡು ಹೋಗಿ. ಹಸಿರು ಸೀರೆಗೆ ಇಸ್ತ್ರಿ ಹಾಕಿದ್ದೇನೆ, ಗೆರಸೆಯನ್ನೂ ಒರೆಸಿ ಚೀಲಕ್ಕೆ ತುಂಬಿದ್ದೇನೆ. ನಾನು ಒಲೆಯ ಹತ್ತಿರವೇ ನಿಲ್ಲುತ್ತೇನೆ. ಹದದ ಪರಿಮಳ ಬಂದ ಕೂಡಲೇ "ಸಾಕು ಮಾರಾಯ್ರೆ" ಅನ್ನುತ್ತೇನೆ, ನೀವು ಗೆರಸೆಗೆ ಸುರಿದು ಫ್ಯಾನ್ ಹಾಕಿ. ಯಾರಿಗೂ ಅನುಮಾನ ಬರುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ನಾನು ನಿಮಗೆ ಹೇಳುವುದೇ ಅದನ್ನು.