ಎರಡನೇ ಕಂಬದ ನೆರಳು

ಮೇ 19, 1986. ಸೋಮವಾರ

ಇವತ್ತೂ ಸಿಗಲಿಲ್ಲ. ಹುಂಜದ ಗರಿಗೆ ದಾರ ಸುತ್ತಿ ಕಟ್ಟಿದ ಹನ್ನೊಂದನೇ ಫ್ಲೈ, ನೊಣದ ವೇಷದ ಗಾಳ. ಸೇತುವೆಯ ಕೆಳಗಿನ ಮುದಿ ಟ್ರೌಟ್ ಮೀನು ಮೇಲೆ ಬಂತು, ನೋಡಿತು, ಮೂತಿ ತಿರುಗಿಸಿ ಹೋಯಿತು. ಮೂರು ವರ್ಷದಿಂದ ಇದೇ. ನಮ್ಮ ಮೀನು ಹಿಡಿಯುವ ಕ್ಲಬ್ಬಿನ ಹೊಳೆ ಕಾಯುವ ಸೆಥ್ ದಡದಲ್ಲಿ ಕೂತು ನಗುತ್ತಿದ್ದ. ನನ್ನ ಹಳೆಯ ವಿದ್ಯಾರ್ಥಿ. ಕ್ಲಾಸಿನಲ್ಲೂ ಹೀಗೇ, ಹಿಂದಿನ ಬೆಂಚಿನಿಂದ.

"ಮಿಸ್, ಅದೇ ನಿಮಗೆ ಪಾಠ ಹೇಳ್ತಿದೆ."

"ಸುಮ್ನಿರೋ. ಅದು ಯಾವಾಗ ಮೇಯಕ್ಕೆ ಬರತ್ತೆ, ಎಲ್ಲಿ ನಿಲ್ಲತ್ತೆ, ಎಲ್ಲಾ ಗೊತ್ತು ನಂಗೆ."

ಹೇಳಿಯೂಬಿಟ್ಟೆ. ಸಂಜೆ ಆರೂವರೆಗೆ, ಸೇತುವೆಯ ಎರಡನೇ ಕಂಬದ ನೆರಳಲ್ಲಿ. ಬೇರೆ ಯಾರಿಗೂ ಹೇಳಿದ್ದಿಲ್ಲ.

ಮೇ 24, ಶನಿವಾರ

ಅಸಹ್ಯ. ಬೇರೆ ಪದ ಇಲ್ಲ.

ಕ್ಲಬ್ಬಿನ ಊಟದ ಮೇಜಿನ ಮೇಲೆ, ಐಸಿನ ಹಾಸಿಗೆಯಲ್ಲಿ, ಅದು. ಬಾಲದ ಹಳೆಯ ಕಚ್ಚು ನೋಡಿಯೇ ಸೇತುವೆಯ ಟ್ರೌಟ್ ಎಂದು ಗುರುತು ಹಿಡಿದೆ. ಐದು ಪೌಂಡಿಗೆ ಎರಡೇ ಔನ್ಸ್ ಕಡಿಮೆ. ಅಧ್ಯಕ್ಷ ಟಾಲ್ಬಟ್ ಶೆರಿ ವೈನಿನ ಗ್ಲಾಸು ಹಿಡಿದು ನಿಂತಿದ್ದ.

"ಒಂದೇ ಎಸೆತ! ಫ್ಲೈ ನೀರಿಗೆ ಬಿದ್ದಿದ್ದೇ ತಡ!"

ಚಪ್ಪಾಳೆ. ಟಾಲ್ಬಟ್ ಕೈಗೆ ಗಾಳದ ಕೋಲು ಕೊಟ್ಟರೆ ಗಾಳ ತನ್ನ ಟೋಪಿಗೇ ಸಿಕ್ಕಿಸಿಕೊಳ್ಳುತ್ತಾನೆ. ಯಾರೂ ನೋಡದಾಗ ಮೀನಿನ ಬಾಯಿ ತೆರೆದೆ. ತುಟಿಯ ಮೇಲೆ ಒಂದು ಗೀರೂ ಇಲ್ಲ. ಗಂಟಲೊಳಗೆ ಹರಿದು ಚಿಂದಿ. ಗರಿಯ ನೊಣವನ್ನು ಟ್ರೌಟ್ ಅಷ್ಟು ಆಳಕ್ಕೆ ನುಂಗುವುದಿಲ್ಲ, ಉಗಿಯುತ್ತದೆ. ನುಂಗುವುದು ಎರೆಹುಳುವನ್ನು. ನಮ್ಮ ನೀರಿನಲ್ಲಿ ಹುಳು ಹಾಕುವಂತಿಲ್ಲ — ಕ್ಲಬ್ಬಿನ ಮೊದಲನೇ ನಿಯಮ, ಆ ಊಟದ ಕೋಣೆಯ ಗೋಡೆಯ ಮೇಲೇ ತೂಗುಹಾಕಿದೆ.

ಮೂರು ಸಲ ಕೈ ತೊಳೆದೆ. ವಾಸನೆ ಹೋಗಲಿಲ್ಲ.

ಮೇ 25, ಭಾನುವಾರ

ಕ್ಲಬ್ಬಿನ ಸಮಿತಿಯ ಮುಂದೆ ಹುಳುವಿನ ವಿಷಯ ಹೇಳಿದೆ. ಎಲ್ಲರೂ ತಮ್ಮ ತಮ್ಮ ಕಪ್ಪಿನೊಳಗೆ ನೋಡಿದರು. ಟಾಲ್ಬಟ್ ನಕ್ಕ.

"ಎನಿಡ್, ಈ ವಯಸ್ಸಲ್ಲಿ ಹೊಟ್ಟೆಕಿಚ್ಚು ಒಳ್ಳೇದಲ್ಲ. ಸೆಥ್, ನೀನು ಪಕ್ಕದಲ್ಲೇ ಇದ್ಯಲ್ಲ. ಹೇಳಪ್ಪ."

ಸೆಥ್ ಟೋಪಿ ತಿರುವುತ್ತಾ ನಿಂತ. "ಹೌದು ಸರ್. ಫ್ಲೈನಲ್ಲೇ."

ಬಾಯಿಪಾಠ ಒಪ್ಪಿಸಿದ ಹಾಗೆ. ನನ್ನ ಕಡೆ ನೋಡಲಿಲ್ಲ.

ಮೇ 31. ಬೆಳಿಗ್ಗೆ

ಬಾಗಿಲಲ್ಲಿ ಸೆಥ್.

"ನಾನೇ ಹಿಡಿದಿದ್ದು, ಮಿಸ್. ಹುಳು ಹಾಕಿ. ಊಟದ ದಿನಕ್ಕೆ ದೊಡ್ಡದೊಂದು ಬೇಕೇ ಬೇಕು, ಇಲ್ಲಾಂದ್ರೆ ನಿನ್ನ ಕೆಲಸಕ್ಕೆ ಬೇರೆಯವರನ್ನ ನೋಡ್ತೀನಿ ಅಂದ್ರು ಟಾಲ್ಬಟ್ ಸರ್. ಕೆಲಸ ಹೋದ್ರೆ ಕ್ಲಬ್ಬು ಕೊಟ್ಟ ಮನೇನೂ ಹೋಗತ್ತೆ."

"ಜಾಗ?"

"ನೀವೇ ಹೇಳಿದ್ರಲ್ಲ."

ಬಾಗಿಲು ಹಾಕಿದೆ. ಟಾಲ್ಬಟ್ ಮೇಲೆ ಹೇಸಿಗೆ. ಇವನ ಮೇಲೆ ಹೇಸಿಗೆ. ಜಂಬ ಕೊಚ್ಚಿಕೊಂಡ ಈ ನಾಲಿಗೆಯ ಮೇಲೆ...

ಜೂನ್ 14, ಶನಿವಾರ

ಎರಡು ವಾರ ಹೊಳೆಗೆ ಹೋಗಿಲ್ಲ.

ಸೆಥ್ ಗುರುವಾರ ಸಮಿತಿಗೆ ತಾನೇ ಹೋಗಿ ನಿಜ ಹೇಳಿದನಂತೆ. ಪೋಸ್ಟ್ ಆಫೀಸಿನಲ್ಲಿ ಕೇಳಿದೆ. ಟಾಲ್ಬಟ್ ಇನ್ನೂ ಅಧ್ಯಕ್ಷ. ಮೀನಿಗೆ ಹೊಟ್ಟು ತುಂಬಿಸಿ ಕ್ಲಬ್ಬಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡುತ್ತಾರಂತೆ, ಟಾಲ್ಬಟ್ ಹೆಸರಿನಲ್ಲೇ. ಸೆಥ್ ತಿಂಗಳೊಳಗೆ ಮನೆ ಬಿಡಬೇಕು.

ಸಂಜೆ ಬಂದ. ಈ ಸಲ ಒಳಗೆ ಕರೆದೆ. ಟೀ ಕೊಟ್ಟೆ. ಅವನ ಬೆರಳು ನೋಡಿದರೆ ಆ ಹರಿದ ಗಂಟಲೇ ಕಣ್ಣ ಮುಂದೆ. ಎದ್ದು ಹೋಗು ಅನ್ನಬೇಕಿತ್ತು. ಬಾಯಿಂದ ಬಂದದ್ದು ಬೇರೆ. ಬರೆಯಲೂ ನಾಚಿಕೆ.

"ದಾರಾನ ಹೇಗೆ ಎಳೀತೋ ಅದು?"

ಸೆಥ್ ಕಪ್ಪು ಕೆಳಗಿಟ್ಟ. ಅವನ ಮುಖ ಅರಳಿತು — ದೇವರೇ, ನನ್ನದೂ.

"ಮೊದಲು ಅಲ್ಲಾಡಲೇ ಇಲ್ಲ, ಮಿಸ್. ಕಲ್ಲಿಗೆ ಸಿಕ್ಕಿದೆ ಅಂದ್ಕೊಂಡೆ. ಆಮೇಲೆ ಒಂದೇ ಸಲ —"