ಗುತ್ಯಕ್ಕ ಕೇಳಿದ ಚಳಿಗಾಲದ ಮದ್ದು

ಕುಬಟೂರು
೬-೨-೧೯೫೮

ಪ್ರೀತಿಯ ಗುತ್ಯಕ್ಕನಿಗೆ,

ನಿನ್ನ ತಂಗಿ ಹುಲಿಯಮ್ಮನ ನಮಸ್ಕಾರ. ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀಯ, ಬೈದುಕೋ. ನಿಮ್ಮಪ್ಪ, ನಿಮ್ಮಮ್ಮ, ನಿನ್ನ ದೊಡ್ಡಪ್ಪನಾದ ನನ್ನ ಅಪ್ಪ ಎಲ್ಲರೂ ಆರೋಗ್ಯವಾಗಿದ್ದಾರೆ. ಭತ್ತದ ಒಕ್ಕಲಾಟ ಮುಗಿಯಿತು.

ಶಿಕಾರಿಪುರದ ಒಣಗಾಳಿಗೆ ಮುಖ ಬಿರಿಯುತ್ತಿದೆ, ಏನು ಹಚ್ಚಲಿ ಎಂದು ಕೇಳಿದ್ದೀಯ. ಚಳಿ ಬಿದ್ದ ಮೇಲೆ ಮುಖಕ್ಕೆ ಸೀಗೆಪುಡಿ ಮುಟ್ಟಿಸಬೇಡ. ಸುಡುಸುಡು ನೀರೂ ಬೇಡ, ಉಗುರುಬೆಚ್ಚಗಿದ್ದರೆ ಸಾಕು. ಹೆಸರುಹಿಟ್ಟನ್ನು ಹಾಲಿನ ಕೆನೆಯಲ್ಲಿ ಕಲಸಿ ತೊಳೆ. ಒದ್ದೆ ಆರುವ ಮೊದಲೇ ಮುರುಗಲು ಬೀಜದ ತುಪ್ಪವನ್ನು ಅಂಗೈಯಲ್ಲಿ ತಿಕ್ಕಿ ಕರಗಿಸಿ ಹಚ್ಚು. ಹಿಮ್ಮಡಿಗೆ ಹರಳೆಣ್ಣೆ. ನಿನ್ನ ಯಜಮಾನರು ಪೇಟೆಯಿಂದ ತಂದ ಸ್ನೋ ಬೇಸಿಗೆಗೆ ಇರಲಿ, ಈಗ ಹಚ್ಚಿದರೆ ಮುಖ ಇನ್ನೂ ಬಿಗಿಯುತ್ತದೆ. ಇದನ್ನೆಲ್ಲ ನಾನು ಯಾಕೆ ಕಲಿಯಬೇಕಾಯಿತು ಎನ್ನುವುದು ನಿನಗೆ ಗೊತ್ತೇ ಇದೆ.

ಆರು ವರ್ಷದ ಹಿಂದೆ, ಇದೇ ಮಾಘದ ಚಳಿಯಲ್ಲಿ, ನಿನ್ನ ಯಜಮಾನರ ಮನೆಯವರು ಮೊದಲು ನೋಡಲು ಬಂದದ್ದು ನನ್ನನ್ನಲ್ಲವೇ? ತಾಯಿ ಇಲ್ಲದ ಹುಡುಗಿ ಎಂದು ನಿಮ್ಮಮ್ಮನೇ ಮೂರು ದಿನ ಹೆಸರುಹಿಟ್ಟು ಹಚ್ಚಿ ಮೀಯಿಸಿದಳು. ಮೂರನೆಯ ದಿನಕ್ಕೆ ನನ್ನ ಮುಖ ಹಾವಿನ ಪೊರೆಯಂತೆ ಸುಲಿಯಿತು. ನಿನ್ನ ಅತ್ತೆ ಜಗಲಿಯಲ್ಲಿ ಕೂತೇ, "ಹುಡುಗಿಗೆ ತೊಗಲಿನ ರೋಗ ಐತಿ ಕಣ್ರೀ, ನಮಗೆ ಬ್ಯಾಡ" ಎಂದರು. ಎಲೆಅಡಿಕೆ ತಟ್ಟೆ ಹಿಡಿದು ಬಂದ ನಿನ್ನನ್ನು ಒಪ್ಪಿಕೊಂಡು ಹೋದರು. ಚಳಿಗೆ ಹಾಗಾಯಿತು ಎಂದೇ ನಾನು ನಂಬಿದ್ದೆ. ಮುಖ ವಾಸಿಯಾಯಿತು, ಆದರೆ ಆ ಮಾತು ಸೊರಬದ ಸಂತೆಯವರೆಗೂ ಹೋಯಿತು. ಆಮೇಲೆ ನಮ್ಮ ಮನೆಗೆ ಹೆಣ್ಣು ಕೇಳಿಕೊಂಡು ಯಾರೂ ಬರಲಿಲ್ಲ.

ಹತ್ತು ದಿನದ ಕೆಳಗೆ ನಿಮ್ಮಮ್ಮ ಬಂದಳು. ನಿನ್ನ ತಂಗಿ ಚೌಡೇಶ್ವರಿಯನ್ನು ನೋಡಲು ತಾಳಗುಂದದವರು ಬರುವವರಿದ್ದರು, ಹುಡುಗಿಯ ಕೆನ್ನೆ ಚಳಿಗೆ ಒಡೆದಿತ್ತು. "ನಿನ್ನ ಕೈಗುಣ ಚೆಂದ ಐತೆ ಹುಲಿಯಾ, ಅವಳನ್ನ ಒಂಚೂರು ತಯಾರು ಮಾಡಿಕೊಡೇ. ಹಿಟ್ಟಿಗೆ ಸೋಡಾ ಗೀಡಾ ಬೆರೆಸಬ್ಯಾಡ ಮತ್ತೆ, ಮುಖ ಸುಲೀತದೆ" ಎಂದಳು.

"ಸೋಡಾ ಹಾಕಿದ್ರೆ ಸುಲೀತದೆ ಅಂತ ನಿಂಗೆ ಹೆಂಗೆ ಗೊತ್ತು ಚಿಕ್ಕಮ್ಮಾ?" ಎಂದೆ.

ಅವಳು ಸೆರಗು ಸರಿಪಡಿಸಿಕೊಂಡು ಹೊರಡಲು ಎದ್ದಳು. ಅಪ್ಪನ ಎದುರು ನಿಜ ಹೇಳುವ ತನಕ ಚೌಡಿಯ ಮುಖ ಮುಟ್ಟುವುದಿಲ್ಲ ಎಂದು ಹಟ ಹಿಡಿದೆ. ತಾಳಗುಂದದವರು ಬರಲು ನಾಲ್ಕೇ ದಿನ ಉಳಿದಿತ್ತು. ನನ್ನ ಹೆಸರುಹಿಟ್ಟಿನಲ್ಲಿ ಬಟ್ಟೆ ಒಗೆಯುವ ಸೋಡಾ ಬೆರೆತಿತ್ತು ಎಂದು ಕೊನೆಗೂ ಒಪ್ಪಿಕೊಂಡಳು. ಅಪ್ಪ ಎದ್ದು ಹೋದರು. ನಿಮ್ಮಮ್ಮ ನನ್ನ ಕಾಲಿಗೆ ಬೀಳಲು ಬಂದಳು. ಬೀಳಲಿ ಎಂದು ಸುಮ್ಮನೆ ನಿಂತೆ. ಸುಳ್ಳೇಕೆ ಹೇಳಲಿ, ನನಗೆ ಬಹಳ ಹಿತವಾಯಿತು.

ನಾಲ್ಕು ದಿನವೂ ಚೌಡಿಯನ್ನು ನಾನೇ ಮೀಯಿಸಿದೆ. ಅವಳ ಮುಖ ನನ್ನ ಕೈಯಲ್ಲಿದ್ದಾಗ ಕೆಟ್ಟ ಯೋಚನೆ ಬರಲಿಲ್ಲ ಎನ್ನಲಾರೆ. ಆದರೆ ನನಗೆ ಹಾಗಾದಾಗ ಅವಳು ಹತ್ತು ವರ್ಷದ ಮಗು, ಅವಳದೇನು ತಪ್ಪು? ತಾಳಗುಂದದವರು ನೋಡಿದ ಕೂಡಲೇ ಒಪ್ಪಿದರು.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ನಿನ್ನ ಸಂಸಾರ ತಣ್ಣಗಿರಲಿ.

ಇಂತಿ ನಿನ್ನ ತಂಗಿ,
ಹುಲಿಯಮ್ಮ

ಮರೆತಿದ್ದೆ: ಸೋಡಾ ಬೆರೆಸಿದವಳು ತಾನಲ್ಲ, ನೀನು ಎಂದು ನಿಮ್ಮಮ್ಮ ಹೇಳಿದಳು. "ಗುತ್ತಿ ಆ ಹುಡುಗನ ಮ್ಯಾಲೆ ಮನಸಿಟ್ಟಿದ್ಲು, ನಾ ಕಂಡೂ ಸುಮ್ಕಾದೆ" ಎಂದಳು. ನಾನು ಉರಿ ಉರಿ ಎಂದು ಅತ್ತಾಗ ಪಕ್ಕದಲ್ಲಿ ಕೂತು ನನ್ನ ಮುಖಕ್ಕೆ ಗಾಳಿ ಊದಿದವಳು ನೀನು, ಗುತ್ಯಕ್ಕ. ಅದೊಂದನ್ನು ನುಂಗಲು ನನ್ನಿಂದಾಗುತ್ತಿಲ್ಲ. ಇದೇ ಟಪಾಲಿಗೆ ನಿನ್ನ ಅತ್ತೆಗೂ ಒಂದು ಕಾಗದ ಹಾಕಿದ್ದೇನೆ. ಅವರಿಗೆ ಓದಲು ಬರುವುದಿಲ್ಲವಲ್ಲ, ನಿನ್ನ ಯಜಮಾನರೇ ಓದಿ ಹೇಳಲಿ.